ಅಂಚೆ ತಕ್ಕಡಿಗೆ ಕೊಸರು ಕೇಳಿದ ಗಿರಣಿ ಕಾಕಾ

ಹೋದ ವಾರ ಹಾನಗಲ್ಲಿನಲ್ಲಿ ಪೋಸ್ಟಾಫೀಸಿನ ಸಾಲಿನಲ್ಲಿ ನಿಂತಿದ್ದೆ. ಶಿಗ್ಗಾಂವಿಯಲ್ಲಿರುವ ನನ್ನ ತಂಗಿಯ ಮಗಳಿಗೆ ಕುಬಸದ ಕಣ, ಅಂದರೆ ರವಿಕೆಯ ಬಟ್ಟೆ, ಕಳಿಸುವುದಿತ್ತು. ಮುಂದೆ ಐದಾರು ಜನ. ಅಷ್ಟರಲ್ಲಿ ಬೀದಿಯಾಚೆಯ ಗಿರಣಿಯಲ್ಲಿ ಯಾರದೋ ಜೋಳ ಹಾಕಿದರು ಕಾಣುತ್ತದೆ, ಬಿಸಿ ಹಿಟ್ಟಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ಹೊಟ್ಟು, ಕಲ್ಲು, ಕಾದ ಬೆಲ್ಟು ಎಲ್ಲ ಸೇರಿದ ಆ ವಾಸನೆ... ನೋಡನೋಡುತ್ತ ನನ್ನ ಕಣ್ಣು ತುಂಬಿಬಿಟ್ಟವು. ಹಿಂದೆ ನಿಂತಿದ್ದ ಹೆಣ್ಣುಮಗಳು ಗಾಬರಿಯಾಗಿ, "ಆರಾಮ ಅದೀರಿಲ್ರಿ?" ಎಂದಳು. "ಏನಿಲ್ಲವ್ವ, ಕಣ್ಣಾಗ ಹಿಟ್ಟಿನ ಧೂಳು ಹೋತು" ಎಂದೆ.

ನನ್ನ ಸರದಿ ಬಂದಾಗ ಕೌಂಟರಿನ ಹುಡುಗ ಪಾಕೀಟನ್ನು ಯಂತ್ರದ ಮೇಲಿಟ್ಟ. ಕೆಂಪು ಅಂಕಿ ಮೂಡಿತು, ಚೀಟಿ ಹೊರಗೆ ಬಂತು, ಅದನ್ನು ಅಂಟಿಸಿ ಪಾಕೀಟನ್ನು ಪಕ್ಕಕ್ಕೆ ಎಸೆದ. ಲೆಕ್ಕವೂ ಅವನದಲ್ಲ, ಜಗಳವೂ ಅವನದಲ್ಲ. ನಾನು ಇಂಥದೇ ಕೌಂಟರಿನ ಆಚೆ ಕೂತು ಕೂದಲು ಬೆಳ್ಳಗೆ ಮಾಡಿಕೊಂಡವಳು. ನನ್ನ ಎದುರಿಗೆ ಸಣ್ಣದೊಂದು ತಕ್ಕಡಿ, ಮರದ ಪೆಟ್ಟಿಗೆಯಲ್ಲಿ ಹಿತ್ತಾಳೆಯ ಪುಟ್ಟ ಪುಟ್ಟ ತೂಕಗಳು, ಗೋಡೆಯ ಮೇಲೆ ದರಪಟ್ಟಿ ಇರುತ್ತಿದ್ದವು. ತೂಕ ನೋಡಬೇಕು, ದರ ಕೂಡಿಸಬೇಕು, ಬಾಯಿಬಿಟ್ಟು ಹೇಳಬೇಕು, ಎದುರಿನವರು ಒಪ್ಪುವ ತನಕ ಜಗಳಾಡಬೇಕು. ಜಗಳದಲ್ಲಿ ನಾನೇನೂ ಹಿಂದೆ ಬಿದ್ದವಳಲ್ಲ. ಒಬ್ಬರ ಮುಂದೆ ಮಾತ್ರ ಪ್ರತಿ ಸಲ ಗೆದ್ದೂ ಸೋತ ಹಾಗೆ ಅನ್ನಿಸುತ್ತಿತ್ತು...

ಆಗ ನನ್ನನ್ನು ಸವಣೂರು ತಾಲ್ಲೂಕಿನ ಒಂದು ಹಳ್ಳಿಗೆ ಹಾಕಿದ್ದರು. ಹತ್ತಿಮತ್ತೂರಿಗೆ ಹೋಗುವ ಬಸ್ಸುಗಳು ಅಲ್ಲಿ ನಿಂತು, ಒಂದಷ್ಟು ಧೂಳು ಇಳಿಸಿ ಮುಂದೆ ಹೋಗುತ್ತಿದ್ದವು. ಪೋಸ್ಟಾಫೀಸಿನ ಪಕ್ಕ ಹಿಟ್ಟಿನ ಗಿರಣಿ. ಗಿರಣಿಯ ಹಿಂದಿನ ಒಂದು ಖೋಲಿ ನನಗೆ ಬಾಡಿಗೆಗೆ ಸಿಕ್ಕಿತ್ತು. ಹೀಗಾಗಿ ಗಿರಣಿಯ ಯಜಮಾನರು ನನಗೆ ಮನೆಯ ಮಾಲೀಕರು, ನೆರೆಯವರು, ಗಿರಾಕಿ ಎಲ್ಲವೂ ಆದರು. ಊರೆಲ್ಲ ಅವರನ್ನು ಗಿರಣಿ ಕಾಕಾ ಅನ್ನುತ್ತಿತ್ತು. ನಾನೂ ಹಾಗೇ ಕರೆದೆ. ನನಗೆ ಊರಿನವರು, ಅಕ್ಕೋರು ಅನ್ನುವ ಹಾಗೆ, ಬಾಯಾರು ಅನ್ನುತ್ತಿದ್ದರು.

ಕಾಕಾ ಎಂದರೆ ಅಡಿಯಿಂದ ಮುಡಿಯ ತನಕ ಹಿಟ್ಟು. ಹುಬ್ಬು, ಮೀಸೆ, ಕಿವಿಯ ಮೇಲಿನ ಕೂದಲು ಎಲ್ಲ ಬೆಳ್ಳಗೆ. ಸೋಮವಾರ ಗಿರಣಿ ಬಂದ್ ಇಟ್ಟು ಬಸವಣ್ಣನ ಗುಡಿಗೆ ಹೊರಟರೆ, ಅರೇ, ಈ ಕಪ್ಪು ಮೀಸೆಯ ಮನುಷ್ಯ ಯಾರಪ್ಪಾ ಎಂದು ಮೊದಮೊದಲು ನನಗೆ ಗುರುತೇ ಹತ್ತುತ್ತಿರಲಿಲ್ಲ. ಇನ್ನು ಅವರ ದನಿ! ಹಗಲೆಲ್ಲ ಯಂತ್ರದ ಸದ್ದಿನಲ್ಲಿ ಕೂಗಿ ಕೂಗಿ ಮಾತಾಡಿದ ರೂಢಿ. ಗುಟ್ಟು ಹೇಳಿದರೂ ಬಸ್ ಸ್ಟ್ಯಾಂಡಿನ ತನಕ ಕೇಳಿಸುತ್ತಿತ್ತು. ನನ್ನ ಕೌಂಟರಿಗೆ ಬಂದು "ಬಾಯಾರ, ಒಂದು ಸ್ಟ್ಯಾಂಪ್ ಕೊಡ್ರಿ" ಎಂದರೆ ಒಳಗೆ ಟಪಾಲಿನ ಚೀಲ ಕಟ್ಟುತ್ತಿದ್ದವನು ಬೆಚ್ಚಿ ಬೀಳುತ್ತಿದ್ದ.

ಅವರ ತಕ್ಕಡಿಗೂ ನನ್ನ ತಕ್ಕಡಿಗೂ ಎಂದೂ ಕೂಡಿಬರಲಿಲ್ಲ. ಅವರದು ಕಿಲೋ ಲೆಕ್ಕದ ದೊಡ್ಡ ಕಾಟಾ. ಚೀಲ ಇಡು, ಮುಳ್ಳು ನೋಡು, ಮೇಲೆ ಒಂದು ಬೊಗಸೆ ಹೆಚ್ಚಿದ್ದರೆ ಅದು ಲೆಕ್ಕಕ್ಕೇ ಇಲ್ಲ, ಕೊಸರು. ನಮ್ಮ ಕಡೆ ಕೊಸರಿಲ್ಲದ ವ್ಯಾಪಾರ ಎಲ್ಲಿದೆ? ಬದನೆಕಾಯಿ ತೂಗಿದ ಮೇಲೆ ಒಂದು ಬದನೆಕಾಯಿ, ಹಾಲು ಅಳೆದ ಮೇಲೆ ಒಂದು ಗುಟುಕು, ಎಲೆ ಎಣಿಸಿದ ಮೇಲೆ ಒಂದು ಹಿಡಿ ಎಲೆ. ನನ್ನ ತಕ್ಕಡಿಗೆ ಅದೆಲ್ಲ ಗೊತ್ತಿರಲಿಲ್ಲ. ಕಾಗದಕ್ಕೆ ಇಪ್ಪತ್ತು ಗ್ರಾಂ ತನಕ ಒಂದು ದರ. ಅದರ ಮೇಲೆ ಒಂದು ಕಾಳಿನಷ್ಟು ಭಾರವಾದರೂ ಮುಂದಿನ ದರ.

"ಒಂದು ಗ್ರಾಂ ಅಂದ್ರ ಏನ್ರಿ ಬಾಯಾರ? ನನ್ನ ಮೀಸಿಗೆ ಅದಕ್ಕಿಂತ ಹೆಚ್ಚು ಹಿಟ್ಟು ಹತ್ತಿರ್ತೈತಿ. ಕೊಸರು ಅಂತ ಬಿಡ್ರಿ."

"ಸರ್ಕಾರದ ತಕ್ಕಡ್ಯಾಗ ಕೊಸರಿಲ್ರಿ ಕಾಕಾ."

"ಎಂಥಾ ಸರ್ಕಾರ್ರಿ ಇದು! ಸಂತ್ಯಾಗ ಕಾಯಿಪಲ್ಯಾ ಮಾರೋ ಮುದುಕಿಗಿರೋ ಮನಸ್ಸಿಲ್ಲ ಇದಕ್ಕ."

"ಆ ಮುದುಕಿ ಕೈಯಾಗ ಕೊಟ್ಟು ಕಳಸ್ರಿ ಹಂಗಾರ ನಿಮ್ಮ ಕಾಗದಾನ."

ಸಾಲಿನಲ್ಲಿದ್ದವರು ನಗುತ್ತಿದ್ದರು. ಕಾಕಾ ಇನ್ನೊಂದು ಸ್ಟ್ಯಾಂಪಿನ ಚಿಲ್ಲರೆ ಇಟ್ಟು, "ಸವಣೂರ ಖಾರ ತಿಂದಾವ್ರನ್ನ ನೋಡೇನಿ, ಅದನ್ನ ನಾಲಿಗಿ ಮ್ಯಾಲ ಹೊತ್ಕೊಂಡು ಹುಟ್ಟಿದಾವ್ರನ್ನ ಈಗ ನೋಡಾಕತ್ತೇನಿ" ಎಂದು ಊರಿಗೆಲ್ಲ ಕೇಳುವಂತೆ ಹೇಳಿ ಹೋಗುತ್ತಿದ್ದರು. ಅದರಿಂದಲೇ ಊರಿನಲ್ಲಿ ನನಗೆ ಖಾರದ ಬಾಯಾರು ಎಂದೇ ಹೆಸರಾಯಿತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಂಜೆ ಖೋಲಿಗೆ ಹೋದರೆ ಅದೇ ಮನೆಯಿಂದ ಬಿಸಿ ರೊಟ್ಟಿ, ಎಣ್ಣೆಗಾಯಿ ನನ್ನ ಬಾಗಿಲಿಗೆ ಬಂದಿರುತ್ತಿತ್ತು.

ಅವರ ಕಾಗದಗಳು ಯಾಕೆ ಅಷ್ಟು ಭಾರವಾಗುತ್ತಿದ್ದವು ಎಂಬುದನ್ನು ಹೇಳಲೇಬೇಕು. ಕಾಕಾನಿಗೆ ಒಬ್ಬಳೇ ತಂಗಿ. ಹಿರೇಕೆರೂರು ತಾಲ್ಲೂಕಿನಲ್ಲಿ, ಮಾಸೂರಿನ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಮನೆಯಲ್ಲಿ ಕಾಕಾನ ತಾಯಿ ಇದ್ದರು. ಗಿರಣಿಯ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತ ಬಂದವರ ಮನೆಯ ಸುದ್ದಿಯನ್ನೆಲ್ಲ ಕೇಳುವ ಮುದುಕಿ. ಕೊಟ್ಟ ಹೆಣ್ಣುಮಗಳ ಮನೆಗೆ ಬರಿಗೈಯಲ್ಲಿ ಹೋಗಬಾರದು ಎಂಬುದು ನಮ್ಮ ಕಡೆಯ ರೂಢಿ. ಆ ತಾಯಿ ಅದನ್ನು ಕಾಗದಕ್ಕೂ ಹಚ್ಚಿದ್ದರು. ಕಾಗದ ಹೋದರೂ ತವರುಮನೆಯವರೇ ಹೋದಂತೆ ಅಲ್ಲವೇ? ಅದಕ್ಕೇ ಮಗಳಿಗೆ ಬರೆದ ಪ್ರತಿಯೊಂದು ಕಾಗದದ ಮಡಿಕೆಯಲ್ಲಿ ಒಂದಷ್ಟು ಅಕ್ಕಿ ಕಾಳು, ಅರಿಷಿಣ ಕೊಂಬಿನ ಚೂರು, ಒಮ್ಮೊಮ್ಮೆ ಒಣಗಿಸಿದ ಎಲೆ ಇಡುವರು. ಲಕೋಟೆಯಲ್ಲೇ ಮಗಳ ಉಡಿ ತುಂಬುತ್ತಿದ್ದರು, ಪಾಪ.

"ಇದೇನ್ರಿ ಕಾಕಾ, ಕಾಗದೋ ಕಿರಾಣಿ ಅಂಗಡಿಯೋ?" ಎಂದು ನಾನು ಕೇಳಿದರೆ, "ನಮ್ಮವ್ವನ್ನ ಕೇಳ್ರಿ, ಧೈರ್ಯ ಇದ್ರ" ಎನ್ನುವರು. ಅಷ್ಟು ಧೈರ್ಯ ನನಗೂ ಇರಲಿಲ್ಲ.

ಹೀಗೆ ಕೌಂಟರಿನ ಮೇಲೆ ಜಗಳವಾಗಿ ತೂಕ ಸರಿಹೋಗಿ ಕಾಗದಗಳು ಹೋಗುತ್ತಿದ್ದವು, ತಂಗಿಯ ಉತ್ತರ ಬರುತ್ತಿತ್ತು. ಒಂದು ಕಾಗದ ಮಾತ್ರ ನನ್ನ ತಕ್ಕಡಿ ಹತ್ತಲಿಲ್ಲ.

ಆ ಸಲ ತಾಯಿ ಹಾಸಿಗೆ ಹಿಡಿದಿದ್ದರು. ಮೊದಲು ಜ್ವರ ಎಂದರು, ಆಮೇಲೆ ಶಕ್ತಿಯೇ ಇಳಿದುಹೋಯಿತು. ಕಾಕಾ ತಂಗಿಗೆ ಕಾಗದ ಬರೆದರು. ಅವ್ವ ಬಹಳ ಸೋತಿದ್ದಾಳೆ, ನಿನ್ನ ಹೆಸರೇ ಬಡಬಡಿಸುತ್ತಾಳೆ, ಕಂಡ ಕೂಡಲೇ ಹೊರಟು ಬಾ ಎಂದು. ತಾಯಿ ಮಲಗಿದಲ್ಲಿಂದಲೇ, ಚೂರು ಬೇಡ, ಪೂರಾ ಕೊಂಬೇ ಹಾಕು, ಅಡಿಕೆಯನ್ನೂ ಹಾಕು, ಇನ್ನೊಮ್ಮೆ ಹಾಕುತ್ತೇನೋ ಇಲ್ಲವೋ ಎಂದರಂತೆ. ಹಾಕಿದರು. ಆ ದಿನ ರವಿವಾರ, ಆಫೀಸಿಗೆ ರಜೆ. ಕಾಕಾ ತಮ್ಮಲ್ಲಿದ್ದ ಸ್ಟ್ಯಾಂಪ್ ಹಚ್ಚಿ, ಬಸ್ ಸ್ಟ್ಯಾಂಡಿನ ಕೆಂಪು ಡಬ್ಬಿಗೆ ಹಾಕಿ ಬಂದರು. ಆ ಡಬ್ಬಿಯ ಟಪಾಲು ಬಸ್ಸಿನಲ್ಲಿ ನೇರ ಸವಣೂರಿಗೆ ಹೋಗುತ್ತಿತ್ತು, ನನ್ನ ಕೈಗೆ ಬರುತ್ತಿರಲಿಲ್ಲ. ಒಂದಿಷ್ಟು ಹೆಚ್ಚುಕಡಿಮೆ ಆದರೆ ಕೊಸರಿನಲ್ಲಿ ಹೋದೀತು ಎಂದುಕೊಂಡರಂತೆ. ನನ್ನ ಜೊತೆ ಅಷ್ಟೆಲ್ಲ ಜಗಳಾಡಿದ ಮೇಲೂ ತಕ್ಕಡಿ ಎಂದ ಮೇಲೆ ಕೊಸರು ಇದ್ದೇ ಇರುತ್ತದೆ ಎಂಬ ನಂಬಿಕೆ ಅವರನ್ನು ಬಿಟ್ಟಿರಲಿಲ್ಲ. ಖಾರದ ಬಾಯಾರು ಬಾಯಿಮಾತಿಗೆ ಇಲ್ಲ ಅನ್ನುತ್ತಾರೆ ಅಷ್ಟೇ ಎಂದು ತಿಳಿದಿದ್ದರು.

ತಂಗಿ ಬರಲಿಲ್ಲ. ದಿನವೂ ಬಸ್ಸಿನ ಹೊತ್ತಿಗೆ ಕಾಕಾ ಗಿರಣಿಯ ಬಾಗಿಲಿಗೆ ಬಂದು ನಿಲ್ಲುವರು. ಒಳಗಿನಿಂದ ತಾಯಿ "ಬಂದ್ಲೇನೋ?" ಎಂದು ಕೇಳುವರು. ನಡುವೆ ಸ್ವಲ್ಪ ಸುಧಾರಿಸಿದ ಹಾಗೆಯೂ ಕಂಡರು, ಅಂಬಲಿ ಕುಡಿದರು. ಬೆಳೆ ಕೊಯ್ಲಿನ ಕಾಲ, ತಂಗಿಗೆ ಬಿಡುವಾಗಿರಲಿಕ್ಕಿಲ್ಲ, ಬರುತ್ತಾಳೆ ಬಿಡು ಎಂದುಕೊಂಡರು. ಆಮೇಲೆ ಒಂದು ನಸುಕಿನಲ್ಲಿ ತಾಯಿ ಹೋಗಿಬಿಟ್ಟರು. ತಂತಿ ಕೊಟ್ಟು ಸಂಜೆಯ ತನಕ ಕಾದರು. ಇನ್ನು ಕಾಯುವುದು ಸರಿಯಲ್ಲ ಎಂದು ಹಿರಿಯರು ಹೇಳಿದ ಮೇಲೆ ಮಣ್ಣು ಮಾಡಿ ಬಂದು ಕೂತಿದ್ದರು, ಕಡೆಯ ಬಸ್ಸಿನಿಂದ ತಂಗಿ ಇಳಿದಳು.

ಆ ಅಳು ಇವತ್ತಿಗೂ ನನ್ನ ಕಿವಿಯಲ್ಲಿದೆ... ಅತ್ತು ಅತ್ತು ಕೊನೆಗೆ ಅಣ್ಣನ ಕಡೆ ತಿರುಗಿದಳು.

"ಅವ್ವ ಇಷ್ಟು ದಿನದಿಂದ ಮಲಗ್ಯಾಳಂತ. ನನಗೊಂದು ಕಾಗದ ಬರಿಯಾಕ ನಿನ್ನ ಕೈ ಮುರದಿದ್ವೇನು?"

"ಬರದಿದ್ದೆವ್ವಾ, ಖರೇನ ಬರದಿದ್ದೆ" ಎಂದರು ಕಾಕಾ.

"ಬರದಿದ್ರ ಎಲ್ಲಿ ಹೋತು? ಅವ್ವನ ಮಣ್ಣಿನ ದಿನಾನೂ ಸುಳ್ಳ ಹೇಳ್ತೀಯಲ್ಲ ಅಣ್ಣಾ!"

ಮರುದಿನ ಹೊರಡುವಾಗ, ಇನ್ನು ನನ್ನ ಹೊಸ್ತಿಲ ತುಳಿಯಬೇಡ, ಪಂಚಮಿಗೆ ಕರೆಯಲಿಕ್ಕೂ ಬರಬೇಡ ಎಂದು ಹೇಳಿ ಹೋದಳು. ನಮ್ಮ ಕಡೆ ನಾಗರ ಪಂಚಮಿ ಎಂದರೆ ಅಣ್ಣ ಬಂದು ಕರೆದುಕೊಂಡು ಹೋಗುತ್ತಾನೆ ಎಂದು ಹೆಣ್ಣುಮಕ್ಕಳು ದಾರಿ ನೋಡುವ ಹಬ್ಬ. ಆ ದಾರಿಯನ್ನೇ ಅವಳು ಮುಚ್ಚಿ ಹೋದಳು.

ಅದಾಗಿ ಕೆಲವು ದಿನಕ್ಕೆ, ಬೆಳಗಿನ ಚೀಲ ಬಿಚ್ಚಿದಾಗ, ಆ ಕಾಗದ ನನ್ನ ಮೇಜಿನ ಮೇಲೆ ಬಿತ್ತು. ಉಬ್ಬಿಕೊಂಡಿದ್ದ ಲಕೋಟೆ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಸ್ಟ್ಯಾಂಪ್ ಕಡಿಮೆ ಹಚ್ಚಿದ ಕಾಗದಕ್ಕೆ ನಾವು ಬೇರಿಂಗ್ ಅನ್ನುತ್ತಿದ್ದೆವು. ಎಷ್ಟು ಕಡಿಮೆ ಬಿದ್ದಿದೆಯೋ ಅದರ ಎರಡರಷ್ಟನ್ನು ತೆಗೆದುಕೊಳ್ಳುವವರು ಕೊಡಬೇಕು. ಬೇಡ ಅಂದರೆ ಕಾಗದ ಬಂದ ದಾರಿ ಹಿಡಿದು ಬರೆದವರಿಗೇ ವಾಪಸ್. ಲಕೋಟೆಯ ಮೇಲೆ ಆ ಊರಿನ ಪೋಸ್ಟ್‌ಮನ್ ಬರೆದಿದ್ದ, ಮನೆಯ ಯಜಮಾನರು ತೆಗೆದುಕೊಳ್ಳಲಿಲ್ಲ ಎಂದು. ಯಜಮಾನರು ಎಂದರೆ ತಂಗಿಯ ಮಾವ.

ಕಾಕಾನನ್ನು ಕರೆಸಿದೆ. ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದರು. ಲಕೋಟೆ ತಿರುಗಿಸಿ ಆ ಊರಿನ ಪೋಸ್ಟ್‌ಮನ್ ಬರೆದದ್ದನ್ನು ಓದಿದರು. ನಾನೇ ಅದನ್ನು ತಕ್ಕಡಿಗೆ ಹಾಕಿದೆ, ಇನ್ನೊಂದು ಕಡೆ ಇಪ್ಪತ್ತು ಗ್ರಾಂ ಇಟ್ಟೆ. ಲಕೋಟೆಯ ತಟ್ಟೆ ಕೆಳಗೆ ಕೂತಿತು.

"ಎಷ್ಟು ಹೆಚ್ಚಾಗೈತ್ರಿ?" ಎಂದರು. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಅಲ್ಲಿಯ ತನಕ ಕೇಳಿರಲಿಲ್ಲ.

"ಆ ಅರಿಷಿಣದ ಕೊಂಬಿನಷ್ಟು, ಕಾಕಾ" ಎಂದೆ.

ನನಗೆ ಸಂಕಟ, ಮೇಲೆ ಸಿಟ್ಟು. ನನ್ನ ಸ್ವಭಾವ ಹಾಗೆ, ಸಂಕಟವಾದಾಗಲೆಲ್ಲ ಬೈಗುಳವೇ ಬಾಯಿಗೆ ಬರುತ್ತದೆ. "ಇನ್ನೇನ್ ನೋಡ್ತೀರಿ? ಇದನ್ನ ತಗೊಂಡು ಈಗ ಬಸ್ ಹತ್ರಿ. ತಂಗಿ ಮುಂದ ಒಗೀರಿ. ನಿಮ್ಮನ್ನ ಸುಳ್ಳ ಅಂದಳಲ್ಲ, ತನ್ನ ಮಾವನ್ನ ಕೇಳ್ಲಿ ಈಗ. ನಾಕು ಚಿಲ್ಲರಿಗೆ ಹಿಂದ ಮುಂದ ನೋಡಿದ ಆ ಪುಣ್ಯಾತ್ಮ" ಎಂದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಅಂದೆ.

ಕಾಕಾ ತಲೆ ಅಲ್ಲಾಡಿಸಿದರು.

"ಬ್ಯಾಡ್ರಿ ಬಾಯಾರ. ಆಕಿ ಅದ ಮನ್ಯಾಗ ಬಾಳೇವು ಮಾಡಬೇಕು. ನಾ ಕೆಟ್ಟಾವ ಆದ್ರ, ನೆನಪಾದಾಗಷ್ಟ ಕೆಟ್ಟಾವ. ಮಾವ ಕೆಟ್ಟಾವ ಆದ್ರ, ಆಕಿ ದಿನಾ ಅವರಿಗೆ ನೀಡಬೇಕಲ್ರಿ, ದಿನಾ ಅವರ ತಾಟು ಎತ್ತಬೇಕಲ್ರಿ. ಹೆಂಗ ನೀಡ್ಯಾಳು?"

"ಹಂಗಂತ ನೀವು ಜನ್ಮಪೂರ್ತಿ ಸುಳ್ಳಗಾರ ಅನಿಸ್ಕೋತೀರೇನು?"

"ಅವರಿಗೇನ ಗೊತ್ರಿ ಒಳಗ ಏನೈತಿ ಅಂತ? ತಪ್ಪು ನಂದು. ತೂಕ ನೋಡಸ್ಲಾರದ ಹಾಕಿದೆ."

ಬಾಕಿ ಕೊಟ್ಟು ಕಾಗದ ಬಿಡಿಸಿಕೊಂಡರು. ಅಲ್ಲೇ ನಿಂತು ಒಡೆದು, ಅರಿಷಿಣದ ಕೊಂಬು, ಅಡಿಕೆ, ಅಕ್ಕಿ ಕಾಳುಗಳನ್ನು ಧೋತರದ ಚುಂಗಿಗೆ ಕಟ್ಟಿಕೊಂಡರು. ಕಾಗದವನ್ನೂ ಲಕೋಟೆಯನ್ನೂ ಸಣ್ಣಗೆ ಹರಿದು ಅಂಗಿಯ ಕಿಸೆಗೆ ಹಾಕಿಕೊಂಡರು. ಆಮೇಲೆ ಒಂದು ಪೋಸ್ಟ್ ಕಾರ್ಡ್ ಕೇಳಿದರು.

"ಕಾರ್ಡಿಗೆ ತೂಕ ನೋಡಂಗಿಲ್ಲ, ಹೌದಲ್ರಿ?"

"ನೋಡಂಗಿಲ್ರಿ" ಎಂದೆ.

ನನ್ನದೇ ಪೆನ್ನು ಇಸಿದುಕೊಂಡು ಬರೆದರು. ಕಾರ್ಡಿನಲ್ಲಿ ಬರೆದದ್ದು ಯಾರ ಕಣ್ಣಿಗಾದರೂ ಬೀಳುವಂಥದೇ. ಅವ್ವನ ಮಣ್ಣಿನ ದಿನ ಅವಸರದಲ್ಲಿ ಸುಳ್ಳು ಹೇಳಿದೆ, ನಾನು ನಿನಗೆ ಕಾಗದ ಬರೆದಿರಲಿಲ್ಲ, ಮರೆತಿದ್ದೆ, ಅಲ್ಲಿ ಯಾರನ್ನೂ ಕಾಗದದ ಬಗ್ಗೆ ಕೇಳಬೇಡ, ತಪ್ಪು ನನ್ನದು. ಅಷ್ಟೇ. ಇಲ್ಲದಿದ್ದರೆ ತಂಗಿ ಒಂದಲ್ಲ ಒಂದು ದಿನ ಆ ಊರಿನ ಪೋಸ್ಟ್‌ಮನ್‌ನನ್ನು ಕೇಳಿಯೇ ಕೇಳುತ್ತಿದ್ದಳು, ಅವನು ಹೇಳಿಯೇ ಹೇಳುತ್ತಿದ್ದ. ಆ ದಾರಿಯನ್ನು ಮುಚ್ಚಲಿಕ್ಕೆ ಕಾಕಾ ತಮ್ಮ ಕೈಯಾರೆ ತಮ್ಮ ಮೇಲೆ ಬರೆದುಕೊಂಡರು. "ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ, ನಿಮ್ಮ ಕಾಲು ಬೀಳ್ತೇನಿ" ಎಂದರು ನನಗೆ. ಹೂಂ ಅಂದೆ. ಅಂದ ಮೇಲೆ ಒಂದಷ್ಟು ದಿನ ಅವರ ಜೊತೆ ಮಾತು ಬಿಟ್ಟೆ, ಜೋಳವನ್ನು ಬೇರೆ ಗಿರಣಿಗೆ ಕಳಿಸಿದೆ. ಒಂದು ದಿನ ಕಾಕಾನ ಹೆಂಡತಿ ಕಾಕು ಬಂದು, ಆ ಬೇರೆ ಗಿರಣಿಯವನು ಹಿಟ್ಟು ತರಿತರಿಯಾಗಿ ಬೀಸುತ್ತಾನೆ, ನಿಮಗೆ ರೊಟ್ಟಿ ತಟ್ಟಲಿಕ್ಕೆ ಬರುತ್ತಿಲ್ಲವಂತೆ, ಅವರು ಹೇಳುತ್ತಿದ್ದರು ಎಂದು ನನ್ನ ಡಬ್ಬಿ ಎತ್ತಿಕೊಂಡು ಹೋದರು. ಅಲ್ಲಿಗೆ ನನ್ನ ಸಿಟ್ಟು ಮುಗಿಯಿತು.

ಆಮೇಲೆ ಶ್ರಾವಣ ಬಂತು. ತಂಗಿಯನ್ನು ಕರೆಯಲಿಕ್ಕೆ ಹೋಗುವ ಹಾಗಿಲ್ಲ. ಹೊಸ್ತಿಲ ತುಳಿಯಬೇಡ ಎಂದಿದ್ದಾಳೆ. ಉಂಡಿಗೆ ಏನೂ ಅಂದಿಲ್ಲವಲ್ಲ ಎಂದು ಕಾಕಾ ಪಂಚಮಿಯ ಉಂಡಿಯನ್ನು ಪಾರ್ಸೆಲ್ ಮಾಡಿಕೊಂಡು ಬಂದರು. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು, ಎಲ್ಲವನ್ನೂ ಡಬ್ಬಿಯಲ್ಲಿ ತುಂಬಿ, ಮೇಲೆ ಬಿಳಿ ಬಟ್ಟೆ ಹೊಲಿದು, ಅರಗು ಹಾಕಿಸಿಕೊಂಡು. ಬಸ್ಸಿನಲ್ಲಿ ಕೂತರೆ ಊಟದ ಹೊತ್ತಿಗೆ ಮುಟ್ಟುವ ಊರಿಗೆ ಉಂಡಿಯನ್ನು ಪೋಸ್ಟಿನಲ್ಲಿ ಕಳಿಸಿದ ಅಣ್ಣ ಆ ಸೀಮೆಯಲ್ಲಿ ಇನ್ನೊಬ್ಬ ಇರಲಾರ.

ಪಾರ್ಸೆಲ್‌ಗೆ ಅರ್ಧರ್ಧ ಕಿಲೋ ಲೆಕ್ಕ. ನಾನು ತೂಗಿ, ದರ ಹೇಳಿದೆ. ಕಾಕಾ ಅದರ ಮೇಲೆ ಇನ್ನೂ ಒಂದಿಷ್ಟು ಸ್ಟ್ಯಾಂಪ್ ಕೇಳಿದರು.

"ಇಷ್ಟ ಸಾಕ್ರಿ ಕಾಕಾ."

"ಇರ್ಲಿ, ಹಚ್ರಿ. ದಾರ್ಯಾಗ ಯಾರರ ಮತ್ತ ತೂಗಿದ್ರ?"

"ತೂಗ್ಲಿ ಬಿಡ್ರಿ. ನನ್ನ ತೂಕ ತಪ್ಪಂಗಿಲ್ಲ. ಸರ್ಕಾರಕ್ಕ ಯಾಕ ದಾನ ಮಾಡ್ತೀರಿ?"

"ಹಚ್ರಿ ಅಂದ್ನೆಲ್ಲ" ಎಂದು ಆಫೀಸು ಅದುರುವಂತೆ ಕೂಗಿದರು. ಆಮೇಲೆ ದನಿ ಇಳಿಸಿ, "ಬಾಯಾರ, ಹಚ್ರಿ" ಎಂದರು. ಹಚ್ಚಿದೆ. ಆ ವರ್ಷ ಹಚ್ಚಿದೆ, ಮುಂದೆ ನಾನು ಅಲ್ಲಿದ್ದ ಪ್ರತಿ ವರ್ಷವೂ ಹಚ್ಚಿದೆ. ಒಂದು ಕಾಲಕ್ಕೆ ಒಂದು ಗ್ರಾಂ ಬಿಡಿ ಎಂದು ಗೋಗರೆದ ಮನುಷ್ಯ ಈಗ ಬೇಡ ಬೇಡ ಎಂದರೂ ಹೆಚ್ಚು ಕೊಟ್ಟು ಹೋಗುತ್ತಿದ್ದರು. ಸಾಲಿನಲ್ಲಿದ್ದವರು, ಕಾಕಾನಿಗೆ ಗಿರಣಿಯ ಸದ್ದಿಗೆ ಲೆಕ್ಕ ಮರೆತಿದೆ ಎಂದು ಚಾಷ್ಟಿ ಮಾಡುವರು. ನನಗೆ ಉತ್ತರ ನಾಲಿಗೆಯ ತುದಿಗೆ ಬರುತ್ತಿತ್ತು. ಕಾಕಾ ನನ್ನ ಕಡೆ ಒಮ್ಮೆ ನೋಡುವರು, ನುಂಗಿಕೊಳ್ಳುತ್ತಿದ್ದೆ.

ಪಾರ್ಸೆಲ್ ಮುಟ್ಟಿದ್ದಕ್ಕೆ ಸಹಿಯಾದ ಚೀಟಿ ವಾಪಸ್ ಬರುತ್ತಿತ್ತು. ಮೊದಲ ಸಲ ಅದು ಬರುವ ತನಕ ಕಾಕಾ ಉಂಡದ್ದು ತಿಂದದ್ದು ಅಷ್ಟಕ್ಕಷ್ಟೇ. ಬಂದಾಗ ನೋಡಿದರೆ ತಂಗಿಯದೇ ಸಹಿ! ಕಾಕಾ ಆ ಚೀಟಿಯನ್ನು ಬೆಳಕಿಗೆ ಹಿಡಿದು, ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. "ಅಕ್ಷರ ದುಂಡಗ ಅದಾವು. ಆರಾಮ ಇದ್ದಾಳ" ಎಂದರು. ಇನ್ನೊಂದು ವರ್ಷ, "ಸಹಿ ಓಡೋಡಿ ಮಾಡ್ಯಾಳ, ಒಲಿ ಮ್ಯಾಲ ಏನೋ ಇಟ್ಟು ಬಂದಿರಬೇಕು" ಎಂದರು. ಮಗದೊಂದು ವರ್ಷ ಚೀಟಿಯ ಅಂಚಿಗೆ ಎಣ್ಣೆಯ ಕಲೆ ಇತ್ತು. "ನೋಡ್ರಿ, ಪೋಸ್ಟ್‌ಮನ್ ನಿಂತಿದ್ದಾಗ ಡಬ್ಬಿ ಬಿಚ್ಚಿ ತಿಂದಾಳ!" ಎಂದು ಕುಣಿದಾಡಿಬಿಟ್ಟರು. ನಾನು, ಅದು ಪೋಸ್ಟ್‌ಮನ್ ತಿಂದದ್ದೂ ಇರಬಹುದು ಎಂದೆ. ಅಂದದ್ದಕ್ಕೆ ಬೈಸಿಕೊಂಡೆ. ಉಂಡಿ ತೆಗೆದುಕೊಳ್ಳುತ್ತಾಳೆ, ಒಂದು ಸಾಲು ಬರೆಯುವುದಿಲ್ಲ, ಬರುವುದಿಲ್ಲ. ಹಾಗೇ ವರ್ಷಗಳು ಹೋದವು. ನನಗೆ ಆ ಹೆಣ್ಣುಮಗಳ ಮೇಲೆ ಕೆಂಡದಂಥ ಸಿಟ್ಟಿತ್ತು. ಕಾಕಾನಿಗೆ ಇರಲಿಲ್ಲ.

ನನಗೆ ನಡುವೆ ಬೇರೆ ಕಡೆ ವರ್ಗವಾಯಿತು, ತಿರುಗಿ ಅಲ್ಲಿಗೇ ಹಾಕಿಸಿಕೊಂಡು ಬಂದೆ. ಬರುವ ಹೊತ್ತಿಗೆ ಕಾಕಾ ಇಳಿದುಹೋಗಿದ್ದರು. ವರ್ಷಗಟ್ಟಲೆ ನುಂಗಿದ ಹಿಟ್ಟಿನ ಧೂಳು ಎದೆಗೆ ಕೂತಿದೆ ಎಂದರು ಡಾಕ್ಟರು. ಉಬ್ಬಸ, ಕೆಮ್ಮು. ಗಿರಣಿ ಒಂದು ದಿನ ನಡೆದರೆ ಎರಡು ದಿನ ಬಂದ್. ಆ ವರ್ಷ ಶ್ರಾವಣ ಬಂತು, ಪಂಚಮಿ ಹತ್ತಿರವಾಯಿತು, ಪಾರ್ಸೆಲ್ ಮಾತ್ರ ಕೌಂಟರಿಗೆ ಬರಲಿಲ್ಲ. ಕಾಕುವಿಗೆ ಗಂಡನ ಆರೈಕೆಯೇ ಸಾಕಾಗಿತ್ತು, ಉಂಡಿ ಕಟ್ಟುವುದೆಲ್ಲಿ? ಹಬ್ಬ ಹಾಗೇ ಹೋಯಿತು. ನಾನೇ ಎಲ್ಲಿಂದಾದರೂ ತಂದು ಕಳಿಸುತ್ತೇನೆ ಎಂದರೂ ಕಾಕಾ ಒಪ್ಪಲಿಲ್ಲ. ಕೊಂಡ ಉಂಡಿ ಕಳಿಸಿದರೆ ತಂಗಿಗೆ ಬಾಯಿಗಿಟ್ಟ ಕೂಡಲೇ ತಿಳಿಯುತ್ತದೆ ಎಂದರು.

ಹಬ್ಬದ ಮರುದಿನವೋ ಅದರ ಮರುದಿನವೋ, ಆಫೀಸು ಮುಗಿಸಿ ಅವರ ಹತ್ತಿರ ಕೂತಿದ್ದೆ. ಬಾಗಿಲಿನಲ್ಲಿ ಯಾರೋ ನಿಂತ ಹಾಗಾಯಿತು. ತಲೆಯ ಮೇಲೆ ಸೆರಗು, ಕಂಕುಳಲ್ಲಿ ಒಂದು ಚೀಲ. ಕಾಕುವಿಗೆ ಗುರುತು ಹತ್ತಿ "ಅಯ್ಯ!" ಎಂದು ಅಲ್ಲೇ ನಿಂತರು.

"ಉಂಡಿ ಬರಲಿಲ್ಲಲ್ಲ ಈ ಸಲ. ಜೀವ ತಡೀಲಿಲ್ಲ, ಬಂದೆ" ಎಂದಳು ತಂಗಿ.

ಒಳಗೆ ಬಂದು ಅಣ್ಣನ ಹಾಸಿಗೆಯ ಪಕ್ಕದಲ್ಲಿ ಕೂತಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಇಷ್ಟು ವರ್ಷದಲ್ಲಿ ಇಬ್ಬರ ತಲೆಯೂ ನೆರೆದಿತ್ತು. ಕಾಕು ತಂದ ನೀರನ್ನು ಕೈಯಲ್ಲೇ ಹಿಡಿದುಕೊಂಡು ಅವಳೇ ಮಾತು ತೆಗೆದಳು.

"ಹೋದ ವರ್ಷ ನಮ್ಮ ಮಾವ ಹೋಗೂಕಿಂತ ಮೊದಲ ನನ್ನ ಕರದು ಹೇಳಿದ್ರು ಅಣ್ಣಾ. ಕಾಗದ ಬಂದಿತ್ತು, ಮ್ಯಾಲ ರೊಕ್ಕ ಕೊಡಬೇಕು ಅಂದ್ರು ಅಂತ ವಾಪಸ್ ಕಳಿಸಿದೆ, ಆಮ್ಯಾಲ ತಂತಿ ಬಂತು, ನಿನ್ನ ಮುಂದ ಹೇಳಾಕ ನನಗ ಬಾಯಿ ಬರಲಿಲ್ಲ ಅಂತ. ಸಣ್ಣ ಹುಡುಗರಂಗ ಅತ್ತರು. ಅವತ್ತ ಬರಬೇಕು ಅನ್ಕೊಂಡೆ. ಯಾವ ಮುಖ ಹೊತ್ಕೊಂಡು ಬರ್ಲಿ?"

ಕಾಕಾ ತಟ್ಟನೆ ನನ್ನ ಕಡೆ ನೋಡಿದರು. ನೀವೇ ಹೇಳಿದಿರೇನು ಎಂದು ಕೇಳುವ ನೋಟ. ನಾನಲ್ಲ ಎಂದು ತಲೆ ಅಲ್ಲಾಡಿಸಿದೆ. ಸದ್ಯ, ಮುಗಿಯಿತಲ್ಲ, ಇನ್ನಾದರೂ ಈ ಮನುಷ್ಯನ ಮೇಲಿನ ಕಳಂಕ ಹೋಯಿತಲ್ಲ ಎಂದು ನನ್ನ ಎದೆ ಹಗುರವಾಗುತ್ತಿತ್ತು. ಅಷ್ಟರಲ್ಲಿ ಕಾಕಾ ದಮ್ಮು ಎಳೆದುಕೊಂಡು ಹೇಳಿದರು.

"ಅವರಿಗೆ ವಯಸ್ಸಾಗಿತ್ತವ್ವಾ. ಯಾರದೋ ಕಾಗದ, ಯಾವಾಗಿಂದೋ ನೆನಪು... ನಾ ಬರದಿರಲಿಲ್ಲ. ಆವಾಗ ಕಾರ್ಡ್ ಹಾಕಿದ್ನೆಲ್ಲ? ಸತ್ತಾವ್ರ ಮ್ಯಾಲ ಹಾಕಬ್ಯಾಡ."

ನನಗೆ ತಡೆಯಲಾಗಲಿಲ್ಲ. ಬಾಯಿ ತೆರೆದೇಬಿಟ್ಟಿದ್ದೆ. ತಂಗಿ ನನ್ನ ಕಡೆ ತಿರುಗಿಯೂ ನೋಡದೆ, ಸುಮ್ಮನಿರಿ ಎಂಬಂತೆ ಕೈ ಎತ್ತಿದಳು. ಅಣ್ಣನ ಮುಖವನ್ನೇ ನೋಡುತ್ತ ಕೂತಳು. ಆಮೇಲೆ ನೀರು ಕೆಳಗಿಟ್ಟು, "ಆತು ಬಿಡು. ನೀ ಬರದಿರಲಿಲ್ಲ" ಎಂದಳು.

"ಹೂಂ" ಎಂದರು ಕಾಕಾ.

"ಹಂಗಾರ ತಪ್ಪು ನಿಂದ. ಇಷ್ಟು ವರ್ಷ ಸಿಟ್ಟು ಮಾಡಿ ಕುಂತೇನಿ, ಒಮ್ಮೆರ ಎದುರಿಗೆ ಬಂದು ತಪ್ಪಾತು ಅಂದಿಯೇನು? ಈಗ ಅನ್ನು."

"ತಪ್ಪಾತವ್ವ."

"ಇನ್ನೊಮ್ಮೆ."

"ತಪ್ಪಾತ, ನನ್ನವ್ವಾ."

"ಹೋಗ್ಲಿ, ಬಿಟ್ಟೇನಿ" ಎಂದಳು. ಎಂದವಳೇ ಹಾಸಿಗೆಯ ಕಾಲ ಕಡೆ ಸರಿದು, ಕೌದಿ ಸರಿಸಿ, ಅಣ್ಣನ ಪಾದಗಳ ಮೇಲೆ ಹಣೆ ಇಟ್ಟಳು. ಇಟ್ಟ ತಲೆ ಎತ್ತಲೇ ಇಲ್ಲ. ಬೆನ್ನು ಅಲುಗುತ್ತಿತ್ತು. ಕಾಕು ಒಲೆಯ ಕಡೆ ಹೋಗಿ ಮುಖ ಮುಚ್ಚಿಕೊಂಡರು. ಕಾಕಾ ಸೂರಿನ ಕಡೆ ನೋಡುತ್ತ ಮಲಗಿದ್ದರು, ಕಣ್ಣಿನ ಎರಡೂ ಕಡೆಯಿಂದ ನೀರು ಇಳಿದು ಕಿವಿಯ ಕಡೆ ಹೋಗುತ್ತಿತ್ತು. ನಾನು ಅಲ್ಲಿ ಕೂತಿರುವುದು ಸರಿಯಲ್ಲ ಎಂದು ಎದ್ದು ಹೊರಗೆ ಬಂದೆ.

ತಂಗಿ ತಿರುಗಿ ಹೋಗಲಿಲ್ಲ. ತಾನೇ ಒಲೆಯ ಮುಂದೆ ಕೂತು ಶೇಂಗಾ ಹುರಿದು ಉಂಡಿ ಕಟ್ಟಿದಳು. ಕಾಕಾನಿಗೆ ಅಗಿಯಲಿಕ್ಕಾಗುತ್ತಿರಲಿಲ್ಲ, ಪುಡಿ ಮಾಡಿ ಹಾಲಿನಲ್ಲಿ ಕಲಸಿ ಬಾಯಿಗಿಟ್ಟಳು. "ಬೆಲ್ಲ ಕಡಿಮಿ ಹಾಕೀದಿ" ಎಂದು ಕಾಕಾ, "ನೀ ಕಳಸ್ತಿದ್ದಿ ನೋಡು, ಅದಕ್ಕ ಹಲ್ಲ ಮುರೀತಿದ್ವು" ಎಂದು ಅವಳು. ಸಣ್ಣವರಿದ್ದಾಗಿನ ಜಗಳಗಳನ್ನೆಲ್ಲ ತೆಗೆದು ಹೊಸದಾಗಿ ಆಡಿದರು. ಆ ಒಂದು ಕಾಗದದ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ.

ಶ್ರಾವಣ ಮುಗಿಯುವುದರೊಳಗೆ ಕಾಕಾ ಹೋದರು. ತಂಗಿ ತಲೆದೆಸೆಯಲ್ಲೇ ಕೂತಿದ್ದಳು. ಈ ಸಲ ಅವಳಿಗೆ ಯಾರೂ ಕಾಗದ ಬರೆಯಬೇಕಾಗಲಿಲ್ಲ.

ಆಮೇಲೆ ನಾನು ಆ ಊರಿನಲ್ಲಿ ಬಹಳ ದಿನ ಇರಲಿಲ್ಲ. ಗಿರಣಿಯ ಯಂತ್ರವನ್ನು ಹಂಸಭಾವಿಯ ಕಡೆಯವರು ಯಾರೋ ಕೊಂಡುಕೊಂಡು ಹೋದರು. ಕಾಕುವೂ ಈಗಿಲ್ಲ. ಆ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ ಎಂದು ಆ ಕಡೆಯವರು ಹೇಳುತ್ತಾರೆ, ನಾನು ನೋಡಲಿಕ್ಕೆ ಹೋಗಿಲ್ಲ. ಕಾಕಾನ ಸುದ್ದಿ ಬಂದಾಗಲೆಲ್ಲ ಜನ ಒಂದೇ ಮಾತು ಅನ್ನುತ್ತಾರೆ, ಕಡೆಗಾಲಕ್ಕೆ ತಂಗಿ ಬಂದಳು, ಪುಣ್ಯವಂತ, ನೆಮ್ಮದಿಯಿಂದ ಹೋದ ಎಂದು. ಹೌದು, ಅವರು ನೆಮ್ಮದಿಯಿಂದಲೇ ಹೋದರು.

ಹೋದ ವಾರ ಹಾನಗಲ್ಲಿನ ಆ ಕೌಂಟರಿನಲ್ಲಿ ಹುಡುಗ ರಸೀದಿ ಕೊಟ್ಟು "ಆತ್ರಿ, ಮುಂದ ಬರ್ರಿ" ಎಂದ ಮೇಲೂ ನಾನು ಒಂದು ಗಳಿಗೆ ಅಲ್ಲೇ ನಿಂತಿದ್ದೆ. ಇಷ್ಟು ಸುಮ್ಮನೆ, ಇಷ್ಟು ಬೇಗ ಮುಗಿದುಹೋಗುತ್ತದೆಯೇ ಈ ಕೆಲಸ... ಕಾಕಾನಿಗೆ ತಂಗಿ ಬಂದಳು, ಸಾಕಾಯಿತು. ನನಗೆ ಸಾಕಾಗಿರಲಿಲ್ಲ. ನನಗೆ ಇನ್ನಷ್ಟು ಪಂಚಮಿ ಬೇಕಾಗಿದ್ದವು, ಆ ಮನುಷ್ಯನ ಜೊತೆ ಜಗಳಾಡಲಿಕ್ಕೆ.